ಯಮನೂರಪ್ಪನ ಎರಡನೆಯ ರೊಟ್ಟಿ

ನಮ್ಮೂರಿನಲ್ಲಿ ಎದುರಾದವರನ್ನು ಎಲ್ಲಿಗೆ ಹೊರಟಿರಿ ಎಂದು ಕೇಳುವುದು ಮರ್ಯಾದೆಯಲ್ಲ. ಪೆಟ್ರೋಲ್ ಪಂಪಿನ ಆಸುಪಾಸಿನಲ್ಲಂತೂ ಅದು ಬೈಗುಳಕ್ಕೆ ಸಮ. ಕೇಳಿದ ಕೂಡಲೇ ಆ ಮನುಷ್ಯನಿಗೆ ತಾನು ಹೋಗಬೇಕಾದ ಊರು ನೆನಪಾಗುತ್ತದೆ, ಅಲ್ಲಿ ಕಾದಿರುವ ಕೆಲಸ ನೆನಪಾಗುತ್ತದೆ, ಮನಸ್ಸಿನಲ್ಲಿ ಬೇಕು ಅನ್ನುವುದು ಎದ್ದು ಕೂರುತ್ತದೆ. ಅಷ್ಟಾದರೆ ಸಾಕು, ಪಂಪಿನ ಬೋರ್ಡು ಕಟಕಟ ಸದ್ದು ಮಾಡಿ ದರ ಏರಿಸಿಬಿಡುತ್ತದೆ.

ಬೋರ್ಡು ತಗಡಿನದು. ಎಡಕ್ಕೆ ಪೆಟ್ರೋಲಿನ ದರ, ಬಲಕ್ಕೆ ಡೀಸೆಲ್ಲಿನದು. ಅಂಕಿಗಳನ್ನು ಯಾರೂ ಬದಲಿಸುವುದಿಲ್ಲ, ತಾವೇ ಮಗುಚುತ್ತವೆ. ಕೆಳಗೆ ನಿಂತವರ ಎದೆಯಲ್ಲಿ ಬೇಕು ಎಷ್ಟಿದೆಯೋ ದರವೂ ಅಷ್ಟು. ಬೇಕಾಗಿರುವುದು ಪೆಟ್ರೋಲೇ ಆಗಿರಬೇಕೆಂದಿಲ್ಲ, ಬೋರ್ಡಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಒಮ್ಮೆ ಮದುವೆ ಗೊತ್ತಾದವನೊಬ್ಬ ಗಾಡಿಗೆ ಪೆಟ್ರೋಲ್ ಹಾಕಿಸುತ್ತಾ ತನ್ನ ಹುಡುಗಿಯನ್ನು ನೆನೆದುಕೊಂಡ. ಅಂಕಿಗಳು ಗಿರಗಿರ ತಿರುಗಿದವು. ಹಿಂದಿನ ಸಾಲಿನವರೆಲ್ಲ ಸೇರಿ ಅವನಿಗೆ ಛೀಮಾರಿ ಹಾಕಿದರು. ತಲೆಯ ಮೇಲೆ ಮದುವೆಯ ಅಕ್ಕಿಕಾಳು ಬೀಳುವ ತನಕ ನೀನು ನಡೆದೇ ಓಡಾಡು ಎಂದು ಪಂಪಿನ ಯಜಮಾನ ಗೂಳಪ್ಪ ಅವನನ್ನು ವಾಪಸು ಕಳಿಸಿದ.

ಹೀಗಾಗಿ ನಮ್ಮ ಜನ ಬೇಡದವರಂತೆ ಬರುವುದನ್ನು ಕಲಿತರು. ಸ್ಕೂಟರನ್ನು ದೂರದಲ್ಲೇ ಬಂದ್ ಮಾಡಿ, ದನ ಮೇಯಿಸಲು ಬಂದವರ ಹಾಗೆ ತಳ್ಳಿಕೊಂಡು ಬರುತ್ತಾರೆ. ಬಂದವರು ಟ್ಯಾಂಕಿನ ಕಡೆ ನೋಡುವುದಿಲ್ಲ. ಕಟ್ಟೆಯ ಮೇಲೆ ಕುಳಿತು ಎಲೆಯಡಿಕೆ ಹಾಕುತ್ತಾರೆ, ಮೋಡ ನೋಡುತ್ತಾರೆ. ಗೂಳಪ್ಪನೇ ಎದ್ದು ಬಂದು ಹಾಕಲೇನು ಎಂದರೆ, ಹಾಕಿದರೆ ಹಾಕು, ಬಿಟ್ಟರೆ ಬಿಡು ಎನ್ನುತ್ತಾರೆ. ಮೊದಮೊದಲು ನಾಟಕವಾಗಿದ್ದದ್ದು ಬರಬರುತ್ತ ಅರ್ಧಕ್ಕರ್ಧ ನಿಜವೇ ಆಯಿತು. ಸ್ಕೂಟರಿನವನಿಗೆ ಅದು ಸಾಧ್ಯ. ಇವತ್ತು ಬೀಗರ ಮನೆಗೆ ಹೋಗದಿದ್ದರೆ ನಾಳೆ ಹೋದಾನು, ನಾಳೆ ಆಗದಿದ್ದರೆ ಬೀಗರೇ ಬಂದಾರು. ಪೆಟ್ರೋಲ್ ದರ ಇಳಿಯಿತು, ಇಳಿಯುತ್ತಲೇ ಹೋಯಿತು.

ಇಳಿಯುವುದಕ್ಕೆ ಇನ್ನೊಂದು ಕಾರಣ ಯಮನೂರಪ್ಪ. ಪಂಪಿನ ಎಡಗಡೆ ಬೇವಿನ ಗಿಡದ ಕೆಳಗೆ ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಿದ್ದ ಮನುಷ್ಯ. ಹೆಂಡತಿ ಮಕ್ಕಳಿಲ್ಲ. ಚಹಾ ಕೊಟ್ಟರೆ ಕುಡಿಯುತ್ತಿದ್ದ, ಕೊಡದಿದ್ದರೆ ಕೇಳುತ್ತಿರಲಿಲ್ಲ. ಬಿಸಿಲು ಬಂದರೆ ಬಿಸಿಲಿನಲ್ಲಿ, ನೆರಳು ಬಂದರೆ ನೆರಳಿನಲ್ಲಿ. ಸನ್ಯಾಸಿಯೇನಲ್ಲ. ಬೇಡುವ ಅಭ್ಯಾಸವೇ ಆಗಿರಲಿಲ್ಲ, ಅಷ್ಟೆ. ಅವನು ಜ್ವರ ಬಂದು ಮಲಗಿದ ದಿನ ಪೆಟ್ರೋಲ್ ಏರಿತ್ತು ಎಂದು ಗೂಳಪ್ಪ ಹೇಳುತ್ತಿದ್ದ. ಊರವರು ಅವನಿಗೆ ಕಷಾಯ ಕಾಸಿ ಕೊಟ್ಟದ್ದು ಅದೇ ಕಾರಣಕ್ಕೆ, ಪ್ರೀತಿಯಿಂದಲ್ಲ.

ಬಲಗಡೆಯ ಡೀಸೆಲ್ ಮಾತ್ರ ಇಳಿಯಲೇ ಇಲ್ಲ. ಬಸ್ಸಿನ ದಾವಲಸಾಬ ಎಷ್ಟು ನಿಧಾನ ಬಂದರೇನು, ಅವನ ಬೆನ್ನ ಹಿಂದೆ ಬಸ್ ತುಂಬ ಜನ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಚೀಲ, ಆಸ್ಪತ್ರೆಗೆ ಹೊರಟ ಬಸುರಿ. ಟೊಮ್ಯಾಟೊ ಲಾರಿಯವನು ಶಿಳ್ಳೆ ಹಾಕಿಕೊಂಡು ಬಂದರೂ ಹಿಂದೆ ಹಣ್ಣು ಕೊಳೆಯುತ್ತಿರುತ್ತದೆ. ಕೊಳೆಯುವ ಹಣ್ಣಿಗೆ ನಾಟಕ ಬರುವುದಿಲ್ಲ. ಪೆಟ್ರೋಲಿಗೆ ಬರುವವನು ತನ್ನೊಬ್ಬನ ಬೇಕು ತರುತ್ತಾನೆ, ಅದನ್ನು ಜೇಬಿನಲ್ಲಿ ಅಡಗಿಸಬಹುದು. ಡೀಸೆಲ್ಲಿಗೆ ಬರುವವನು ಊರಿನವರ ಬೇಕನ್ನೆಲ್ಲ ಹೇರಿಕೊಂಡು ಬಂದಿರುತ್ತಾನೆ. ಅವನು ಅದನ್ನು ಎಲ್ಲಿ ಅಡಗಿಸಿಯಾನು?

ನಾನು ಡೀಸೆಲ್ ಕಡೆಯವಳು. ನಮ್ಮದು ಹಿಟ್ಟಿನ ಗಿರಣಿ. ಕರೆಂಟಿನ ತಂತಿ ನಮ್ಮ ಓಣಿಗೆ ಬಂದದ್ದು ದೀಪ ಉರಿಸಲಿಕ್ಕೆ ಮಾತ್ರ, ಕಲ್ಲು ತಿರುಗಿಸುವ ತಾಕತ್ತು ಅದಕ್ಕಿಲ್ಲ. ಮಾವನವರು ತಂದ ಡೀಸೆಲ್ ಎಂಜಿನ್ನೇ ಈಗಲೂ ಗುದ್ದುತ್ತಿದೆ. ನನ್ನ ಗಂಡ ಸಿದ್ರಾಯ ಬೀಸುಕಲ್ಲಿಗೆ ಉಳಿ ಹಿಡಿದು ಕಚ್ಚು ಮಾಡುವುದರಲ್ಲಿ ನಿಸ್ಸೀಮ. ಆದರೆ ಅಣ್ಣನ ಮುಂದೆ ಬಾಯಿ ಬಿಡುವವನಲ್ಲ. ಆ ಅಣ್ಣ, ನನ್ನ ಭಾವ ರಾಚಪ್ಪ, ಗಿರಣಿಯ ಅರ್ಧ ಪಾಲುದಾರ. ಕೆಟ್ಟವರಲ್ಲ. ಲೆಕ್ಕ ಬಲ್ಲವರು. ಪೆಟ್ರೋಲ್ ಸೋವಿಯಾದ ಮೇಲೆ ಸಂತೆಕಟ್ಟೆಯ ಮೇಲೆ ಸ್ಕೂಟರ್ ಮಾರಾಟ ಶುರು ಮಾಡಿದ್ದರು. ಊರಲ್ಲಿ ಮನೆಗೊಂದು ಸ್ಕೂಟರ್ ಆಯಿತು. ಸ್ಕೂಟರ್ ಬಂದ ಮನೆಯವರು ಹಾಗೇ ಒಂದು ಸುತ್ತು ಎಂದು ಪಕ್ಕದ ಪಟ್ಟಣಕ್ಕೆ ಹೋಗಿ ಪಾಕೀಟಿನ ಹಿಟ್ಟು ತರತೊಡಗಿದರು. ನನ್ನ ಗಿರಣಿಯ ಮುಂದಿನ ಡಬ್ಬಿಗಳ ಸಾಲು ಕರಗಿತು. ಡೀಸೆಲ್ ಮೇಲೆ, ಗಿರಾಕಿ ಕೆಳಗೆ, ನಡುವೆ ನಾನು.

ಒಂದು ಮಧ್ಯಾಹ್ನ ಭಾವ ಬಂದು ಗಿರಣಿಯ ಗೋಡೆಯನ್ನು ಗೇಣು ಹಾಕಿ ಅಳೆದರು. ಹುಣ್ಣಿಮೆಯ ದಿನ ಗುಜರಿಯವನು ಲಾರಿ ತರುತ್ತಾನೆ, ಎಂಜಿನ್ ಅವನಿಗೆ, ಜಾಗ ಸ್ಕೂಟರಿಗೆ ಎಂದರು. ನಿಮಗೂ ಪಾಲು ಬರುತ್ತದೆ, ಸಿದ್ರಾಯನನ್ನು ಅಂಗಡಿಯಲ್ಲಿ ಕೂರಿಸೋಣ ಎಂದೂ ಸೇರಿಸಿದರು. ಸಿದ್ರಾಯ ಉಳಿಯ ಮೊನೆಯನ್ನೇ ನೋಡುತ್ತ ನಿಂತಿದ್ದ.

‘ಭಾವಾರ, ಗಿರಣಿ ನಡದ್ರ?’ ಎಂದೆ ನಾನು.

‘ನಡದ್ರ ನಡೀಲಿ. ಹುಣ್ಣಿಮಿ ದಿನ ನಾ ಬಂದಾಗ ಇದು ತಣ್ಣಗಿತ್ತಂದ್ರ ಗುಜರಿಗೆ. ಬಿಸಿ ಇದ್ರ ಮಾತಾಡೂಣು.’

ಬಿಸಿಯಿರಬೇಕೆಂದರೆ ಡೀಸೆಲ್ ಬೇಕು, ಡೀಸೆಲ್ ಕೈಗೆಟುಕುವ ದರದಲ್ಲಿ ಬೇಕು. ನಾನೂ ನಾಟಕಕ್ಕಿಳಿದೆ. ಕ್ಯಾನನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಸೋಬಾನದ ಪದ ಗುನುಗುತ್ತ, ಹೂ ಕೊಳ್ಳಲು ಹೊರಟವಳ ಹಾಗೆ ಪಂಪಿಗೆ ಹೋದೆ. ನಾನಿನ್ನೂ ರಸ್ತೆ ದಾಟಿರಲಿಲ್ಲ, ಬಲಗಡೆಯ ಅಂಕಿಗಳು ಮಗುಚುತ್ತ ಮಗುಚುತ್ತ ಮೇಲೇರಿದವು. ಬಸ್ಸಿಗೆ ಡೀಸೆಲ್ ಹಾಕಿಸುತ್ತಿದ್ದ ದಾವಲಸಾಬ ಪೈಪನ್ನು ಕೈಬಿಟ್ಟು ನನ್ನ ಕಡೆ ಕೈಮುಗಿದ.

‘ಬಾಳವ್ವಾ, ನಿನ್ನ ಪದ ನಿಲ್ಸು. ಸೋಬಾನ ಅಂತ ಸುರು ಮಾಡಿ, ಕೇಳಿದ್ರ ಹೆಣದ ಮುಂದ ಅತ್ತಾಂಗ ಆಗಾಕತ್ತೇತಿ.’

ಅವನ ಟ್ಯಾಂಕು ತುಂಬುವ ತನಕ ಅಂಗಳದ ಹೊರಗೆ ಹೋಗಿ ನಿಂತೆ. ಅಲ್ಲಿ ನಿಂತಾಗಲೇ ಬೇವಿನ ಗಿಡದ ಕೆಳಗಿನ ಯಮನೂರಪ್ಪ ನನ್ನ ಕಣ್ಣಿಗೆ ಬಿದ್ದದ್ದು. ಏನೂ ಬೇಡದ ಮನುಷ್ಯ ಡೀಸೆಲ್ ಕೊಂಡರೆ ಬೋರ್ಡು ಏನು ಮಾಡೀತು? ಇಷ್ಟು ದಿನ ಯಾರಿಗೂ ಇದು ಹೊಳೆಯದ್ದು ನನಗೇ ಸೋಜಿಗ. ಹೊಳೆಯದ್ದಕ್ಕೆ ಕಾರಣವೂ ಇತ್ತು, ಅದು ನನಗೆ ಆಮೇಲೆ ಗೊತ್ತಾಯಿತು.

ಮರುದಿನ ಅವನ ಕೈಗೆ ಕ್ಯಾನೂ ದುಡ್ಡೂ ಕೊಟ್ಟು, ಆ ಕಡೆ ಯಾವ ಗಾಡಿಯೂ ಇಲ್ಲದ ಹೊತ್ತು ನೋಡಿ ಕಳಿಸಿದೆ. ಅವನು ಆಗಲಿ ಎಂದ. ಯಾಕೆ, ಯಾರಿಗೆ ಎಂದು ಕೇಳಲಿಲ್ಲ. ನಾನು ದೂರದ ಸೈಕಲ್ ಅಂಗಡಿಯ ಮರೆಯಲ್ಲಿ ನಿಂತು ನೋಡಿದೆ. ಅವನು ಬಲಗಡೆ ಕಾಲಿಡುತ್ತಲೇ ಡೀಸೆಲ್ಲಿನ ಅಂಕಿಗಳು ಒಂದರ ಹಿಂದೊಂದು ಉದುರಿದವು. ನಮ್ಮೂರಲ್ಲಿ ಡೀಸೆಲ್ ಪೆಟ್ರೋಲಿಗಿಂತ ಸೋವಿಯಾದದ್ದು ಆ ದಿನ, ಆ ಗಳಿಗೆ ಮಾತ್ರ. ಗೂಳಪ್ಪ ಕನ್ನಡಕ ಒರೆಸಿ ಒರೆಸಿ ನೋಡಿದ. ನಾನು ಖುಷಿಯಲ್ಲಿ ಗಿರಣಿಗೆ ಓಡಿ, ಇದ್ದಬದ್ದ ಡೀಸೆಲ್ಲಿನಲ್ಲೇ ಎಂಜಿನ್ ಹಚ್ಚಿ, ಬಂದಿದ್ದ ನಾಲ್ಕಾರು ಹೆಂಗಸರ ಜೋಳ ಗಿರಣಿಯ ಬಾಯಿಗೆ ಸುರಿದೆ.

ಯಮನೂರಪ್ಪ ಬರಲಿಲ್ಲ. ಎಂಜಿನ್ ಕೆಮ್ಮಿತು, ಬೆಲ್ಟು ಜೋಲಾಡಿತು, ಅರ್ಧ ಕಾಳು ಅರ್ಧ ಹಿಟ್ಟಾಗಿ ಎಲ್ಲ ನಿಂತಿತು. ಹೆಂಗಸರು ಅರೆಬರೆ ನುಚ್ಚು ತುಂಬಿಕೊಂಡು ಗೊಣಗುತ್ತ ಹೋದರು. ಹುಡುಕಿದರೆ ಅವನು ಕೆರೆಯ ಏರಿಯ ಮೇಲೆ ಕೂತು ಬಾತುಕೋಳಿ ನೋಡುತ್ತಿದ್ದ. ಕ್ಯಾನ್ ಖಾಲಿ.

‘ಡೀಸೆಲ್ ಎಲ್ಲೈತಿ, ಯಣ್ಣಾ?’

‘ಟ್ರ್ಯಾಕ್ಟರ್‌ದಾಂವ ಒಬ್ಬ ಕೇಳಿದ. ಕೊಟ್ಟೆ.’

‘ನನಗಂತ ತಂದಿದ್ದು ಅದು.’

‘ಹೌದನು?’ ಎಂದ. ಅವನ ಮುಖದಲ್ಲಿ ಮೋಸವಿಲ್ಲ, ನಾಚಿಕೆಯೂ ಇಲ್ಲ. ಏನೂ ಬೇಡದವನಿಗೆ ನನ್ನ ಡೀಸೆಲ್ ನನಗೆ ಮುಟ್ಟಬೇಕೆಂಬುದೂ ಬೇಡವಾಗಿತ್ತು. ಅದೂ ನ್ಯಾಯವೇ. ದರ ಇಳಿಸಿದ್ದೂ ಅದೇ ಗುಣ, ಕ್ಯಾನ್ ಖಾಲಿ ಮಾಡಿದ್ದೂ ಅದೇ ಗುಣ. ಒಂದನ್ನು ಕೊಂಡು ಇನ್ನೊಂದನ್ನು ಬಿಡಲು ಅದೇನು ಸಂತೆಯ ಸೊಪ್ಪೇ?

ಸಿಟ್ಟು ಬಂತು. ಆದರೆ ಉಣ್ಣುವ ಹೊತ್ತಾಗಿತ್ತು, ಮನುಷ್ಯ ಎದುರಿಗಿದ್ದ. ಉಣ್ಣುವ ಹೊತ್ತಿನಲ್ಲಿ ಎದುರಿಗಿದ್ದವನನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಕರೆದುಕೊಂಡು ಬಂದೆ. ಎಂಜಿನ್ ನಿಲ್ಲುವ ಮೊದಲು ಬಿದ್ದ ಹಿಟ್ಟು ಇನ್ನೂ ಬೆಚ್ಚಗಿತ್ತು. ಅದನ್ನೇ ಬಿಸಿನೀರಲ್ಲಿ ಕಲಸಿ ರೊಟ್ಟಿ ತಟ್ಟಿದೆ. ಆಗಷ್ಟೇ ಬೀಸಿದ ಜೋಳದ ಹಿಟ್ಟಿಗೆ ಜಿಗಿ ಇರುತ್ತದೆ. ಕೈಯ ಹಿಂದೆಯೇ ಅಂಚು ಸೀಳದೆ ಅಗಲವಾಗುತ್ತ ಹೋಗುತ್ತದೆ. ಹೆಂಚಿನ ಮೇಲೆ ಉಬ್ಬಿ, ಒಡೆದರೆ ಹಬೆ ಬರುತ್ತದೆ. ಬದನೆಕಾಯಿ ಪಲ್ಯ, ಒಂದು ಚಮಚ ಶೇಂಗಾ ಚಟ್ನಿ, ಮೇಲೆ ಎಣ್ಣೆ. ಯಮನೂರಪ್ಪ ಒಂದು ರೊಟ್ಟಿ ಉಂಡ. ತಟ್ಟೆಯನ್ನು ನೋಡಿದ. ಒಲೆಯನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದು ಮುಚ್ಚಿದ, ಮತ್ತೆ ತೆರೆದ. ಗಂಟಲು ಆ ಮಾತಿಗೆ ಹೊಸದಾಗಿತ್ತು.

‘ಯವ್ವಾ, ಇನ್ನೊಂದು ಐತೇನು?’

ಸಿದ್ರಾಯ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ನನ್ನ ಮುಖ ನೋಡಿದ. ಅವನು ಹಾಗೆ ಕೇಳಿದ್ದರಿಂದ ಏನಾದೀತು ಎಂಬುದು ನಮಗಿಬ್ಬರಿಗೂ ಆಗ ಹೊಳೆಯಲಿಲ್ಲ. ಹೊಳೆದದ್ದು ಮರುದಿನ.

ಮರುದಿನ ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಕೂತ ಯಮನೂರಪ್ಪನಿಗೆ ಉಣ್ಣುವ ಹೊತ್ತಿಗೆ ಸರಿಯಾಗಿ ಆ ರೊಟ್ಟಿ ನೆನಪಾಯಿತು. ಬೋರ್ಡಿನ ಎಡಗಡೆ ಕಟಕಟ ಎಂದಿತು. ಕಟ್ಟೆಯ ಮೇಲೆ ಮೋಡ ನೋಡುತ್ತ ಕೂತಿದ್ದವರೆಲ್ಲ ಒಮ್ಮೆಗೇ ತಲೆ ಎತ್ತಿದರು. ಯಾರಪ್ಪಾ ಅದು, ಯಾರು ಏನು ನೆನೆಸಿಕೊಂಡಿರಿ ಎಂದು ಒಬ್ಬರ ಮುಖ ಒಬ್ಬರು ನೋಡಿ ಅನುಮಾನಪಟ್ಟರು. ಮದುವೆ ಗೊತ್ತಾದವನೂ ಅಲ್ಲಿರಲಿಲ್ಲ. ದರ ಏರಿದ್ದು ನೋಡಿ ಅವರೆದೆಯಲ್ಲೂ ಗಾಬರಿ ಹುಟ್ಟಿತು, ಎಲ್ಲಿ ಇನ್ನೂ ಏರೀತೋ, ಈಗಲೇ ಹಾಕಿಸಿಬಿಡಬೇಕು ಎಂಬ ಅವಸರ ಹುಟ್ಟಿತು, ಆ ಅವಸರಕ್ಕೆ ಬೋರ್ಡು ಮತ್ತೂ ಏರಿತು. ಸಂಜೆಯ ಹೊತ್ತಿಗೆ ಪೆಟ್ರೋಲು ಡೀಸೆಲ್ಲಿನ ಹೆಗಲಿಗೆ ಬಂದು ನಿಂತಿತ್ತು.

ಗೂಳಪ್ಪ ಮೂಲ ಹುಡುಕಿದ. ಯಮನೂರಪ್ಪನ ಹತ್ತಿರ ಕೂತು, ನಿನಗೇನಾದರೂ ಬೇಕೇನು ಎಂದು ಕೇಳಿದ. ಬೇಕಂತ ಏನಿಲ್ಲ, ಆದರೆ ಬಾಳವ್ವನ ರೊಟ್ಟಿ ಅಂತ ಒಂದೈತಿ ಎಂದು ಅವನು ಹೇಳುತ್ತಿದ್ದ ಹಾಗೇ ಅಂಕಿ ಮಗುಚಿತು. ರೊಟ್ಟಿ ಯಾರದಾದರೇನು ಎಂದು ಊರು ಆ ಸಂಜೆಯೇ ರೊಟ್ಟಿ ತಟ್ಟಲು ಕೂತಿತು. ಸ್ಕೂಟರಿದ್ದ ಪ್ರತಿ ಮನೆಯಿಂದಲೂ ಒಂದೊಂದು ಬುಟ್ಟಿ ಬೇವಿನ ಗಿಡದ ಕೆಳಗೆ ಬಂತು. ಎಲ್ಲ ಪಾಕೀಟಿನ ಹಿಟ್ಟಿನವು, ಅಂಚು ಸೀಳಿದವು, ಹಪ್ಪಳದ ಹಾಗೆ ಮುರಿಯುವವು. ಯಮನೂರಪ್ಪ ದಾಕ್ಷಿಣ್ಯಕ್ಕೆ ಎಲ್ಲವನ್ನೂ ಮುರಿದು ಬಾಯಿಗಿಟ್ಟುಕೊಂಡ, ಚಲೋ ಅದಾವ ಎಂದ. ಬೋರ್ಡು ಮಾತ್ರ ಇಳಿಯಲಿಲ್ಲ. ಬೋರ್ಡಿಗೆ ದಾಕ್ಷಿಣ್ಯವಿಲ್ಲ.

ಒಂದು ವಾರ ಹೀಗೇ ಹೋಯಿತು. ಜನ ಸ್ಕೂಟರಿಗೆ ಬಟ್ಟೆ ಮುಚ್ಚಿಟ್ಟರು. ಭಾವನ ಅಂಗಡಿಯಲ್ಲಿ ಗಾಡಿ ಗೊತ್ತು ಮಾಡಿದ್ದವರು ಮುಂಗಡ ವಾಪಸು ಕೇಳಿಕೊಂಡು ಬಂದರು. ಹುಣ್ಣಿಮೆಗೆ ಇನ್ನೇನು ಹತ್ತಿರ ಎನ್ನುವಾಗ ಭಾವ ಗಿರಣಿಗೆ ನಡೆದುಕೊಂಡು ಬಂದರು. ಸ್ಕೂಟರ್ ಮಾರುವವರು ನಡೆದುಕೊಂಡು ಬಂದದ್ದು ನೋಡಿ ನಾನು ಒಳಗೊಳಗೇ ನಕ್ಕು ನೀರು ಕೊಟ್ಟೆ.

‘ಆ ಮನಷ್ಯಾಗ ನೀ ಏನು ಹಾಕಿದಿ?’ ಎಂದರು.

‘ರೊಟ್ಟಿ.’

‘ದಿನಾ ಒಂದು ಹಾಕು. ಹೊಟ್ಟಿ ತುಂಬಿದ್ರ ಮೊದಲಿನಂಗ ಆಕ್ಕಾನ.’

‘ಹಾಕ್ತಿದ್ದೆ, ಭಾವಾರ. ಹಿಟ್ಟೆಲ್ಲೈತಿ?’

‘ಗಿರಣಿ ಐತಲ್ಲ.’

‘ಹುಣ್ಣಿಮಿ ತನಕ ಐತಿ.’

ಅವರು ನೀರಿನ ಚೊಂಬನ್ನು ಕೆಳಗಿಟ್ಟರು. ಲೆಕ್ಕ ಬಲ್ಲವರಲ್ಲವೇ, ನಾನು ಹೇಳದೆಯೂ ಮುಂದಿನದು ಅವರ ತಲೆಯಲ್ಲಿ ಓಡಿತು. ಒಂದು ಬೊಗಸೆ ಬೀಸಿ ಅವನೊಬ್ಬನಿಗೆ ರೊಟ್ಟಿ ಮಾಡಿದರಾಯಿತಲ್ಲ ಎಂದು ಅವರು ಒಂದು ದಾರಿ ತೆಗೆದರು. ನಾನು ಎಂಜಿನ್ನಿನ ಕಡೆ ಕೈ ತೋರಿಸಿದೆ. ಅದು ಆನೆ. ಒಂದು ಬೊಗಸೆಗೂ ಅಷ್ಟೇ ಕುಡಿಯುತ್ತದೆ, ಹತ್ತು ಚೀಲಕ್ಕೂ ಏಳುವಾಗ ಅಷ್ಟೇ ಕುಡಿಯುತ್ತದೆ. ಒಬ್ಬ ಯಮನೂರಪ್ಪನ ರೊಟ್ಟಿಗೆಂದು ಅದನ್ನು ಎಬ್ಬಿಸಿದರೆ ಆ ರೊಟ್ಟಿ ಬಂಗಾರದ ತೂಕಕ್ಕೆ ಬೀಳುತ್ತದೆ. ಊರಿನ ಜೋಳ ಬಂದರೆ ಅದು ಏಳುತ್ತದೆ, ಬಾರದಿದ್ದರೆ ಗುಜರಿಯವನು ಹೇಗೂ ಬರುತ್ತಾನೆ ಎಂದೆ. ಇನ್ನೊಂದು ಮಾತನ್ನೂ ಮುಚ್ಚಿಡಲಿಲ್ಲ. ಡೀಸೆಲ್ ಇರುವ ದರಕ್ಕೆ ಬೀಸುವ ಕೂಲಿ ಹಳೆಯದು ಸಾಲದು, ಸ್ವಲ್ಪ ಏರಿಸುತ್ತೇನೆ ಎಂದೆ. ಭಾವ ಚೌಕಾಸಿ ಮಾಡಲು ಬಾಯಿ ತೆರೆದರು. ಆಗ, ನಾನು ಮದುವೆಯಾಗಿ ಬಂದ ದಿನದಿಂದ ಅಣ್ಣನ ಮುಂದೆ ದನಿಯೆತ್ತದ ಸಿದ್ರಾಯ, ಕಲ್ಲಿನ ಮೇಲಿಂದ ತಲೆ ಎತ್ತದೆಯೇ ಹೇಳಿದ.

‘ಏರಿಸ್ಲಿ ಬಿಡಣ್ಣಾ. ಕಲ್ಲು ಸವೆಯೂದಿಲ್ಲೇನು?’

ಭಾವ ಮನೆಮನೆಗೆ ಹೋದರೋ, ಪಂಪಿನ ಕಟ್ಟೆಯ ಮೇಲೆ ನಿಂತು ಹೇಳಿದರೋ ನನಗೆ ತಿಳಿಯದು. ಮರುದಿನ ಬೆಳಗ್ಗೆ ಗಿರಣಿಯ ಬಾಗಿಲು ತೆಗೆದರೆ ಹೊರಗೆ ತಳ್ಳಿಕೊಂಡು ತಂದ ಸ್ಕೂಟರುಗಳ ಸಾಲು. ಒಂದೊಂದರ ಮೇಲೂ ಜೋಳದ ಚೀಲ, ಅದನ್ನು ಹಿಡಿದುಕೊಂಡು ಗಂಡಸರು. ಅವರು ಮುಂಗಡ ಕೊಟ್ಟ ಕೂಲಿಯಲ್ಲಿ ತುಟ್ಟಿ ಡೀಸೆಲ್ಲನ್ನೇ ತರಿಸಿದೆ. ಅರೆಬರೆ ನುಚ್ಚು ಒಯ್ದಿದ್ದ ಹೆಂಗಸರೂ ಬಂದರು, ಅವರದನ್ನು ಪುಕ್ಕಟೆ ಮತ್ತೆ ಬೀಸಿಕೊಟ್ಟೆ. ಎಂಜಿನ್ ಎದ್ದಿತು. ಮಧ್ಯಾಹ್ನ ಬೇವಿನ ಗಿಡಕ್ಕೆ ರೊಟ್ಟಿ ಹೋಯಿತು, ಎರಡು. ಯಮನೂರಪ್ಪ ಉಂಡು ಕೈ ತೊಳೆದ ಮೇಲೆ ಬೋರ್ಡು ಉಸಿರು ಬಿಟ್ಟ ಹಾಗೆ ಇಳಿಯಿತು ಎಂದು ಗೂಳಪ್ಪ ಹೇಳಿಕಳಿಸಿದ. ಮೊದಲಿನಷ್ಟಕ್ಕಲ್ಲ, ಆದರೆ ಸಾಕಷ್ಟು. ಈಗ ನಮ್ಮೂರಿನ ಜನ ಪೆಟ್ರೋಲ್ ಹಾಕಿಸುವುದು ಅವನ ಊಟವಾದ ಮೇಲೆಯೇ. ಅವನು ಮಾತ್ರ ಸುಮ್ಮನಿಲ್ಲ. ಒಂದು ದಿನ ಚಟ್ನಿಗೆ ಉಪ್ಪು ಕಡಿಮೆ ಎಂದ. ಇನ್ನೊಂದು ದಿನ ಮೊಸರು ಕೇಳಿದ. ಬೇಡುವ ರುಚಿ ಹತ್ತಿದ ಮೇಲೆ ಮುಖಕ್ಕೆ ಒಂದು ಕಳೆಯೂ ಬಂದಿದೆ. ಮೊದಲು ಅವನು ಕೂತಿದ್ದಾನೋ ಕಲ್ಲು ಬಿದ್ದಿದೆಯೋ ತಿಳಿಯುತ್ತಿರಲಿಲ್ಲ. ಈಗ ಹೋಗಿಬರುವವರು ಅವನನ್ನು ಮಾತಾಡಿಸುತ್ತಾರೆ.

ಹುಣ್ಣಿಮೆಯ ದಿನ ಹೊತ್ತು ಏರುವಾಗ ಗುಜರಿಯವನ ಲಾರಿ ಬಂತು. ದೂರದ ಊರಿನವನು, ಬಡಕಲು ಮನುಷ್ಯ. ಜೊತೆಗೆ ಹಗ್ಗ, ಸಬ್ಬಲ್ಲು ಎಲ್ಲ ತಂದಿದ್ದ. ಲಾರಿ ನಿಲ್ಲಿಸಲು ಜಾಗವಿಲ್ಲದಷ್ಟು ಚೀಲಗಳು ಬಾಗಿಲಲ್ಲಿದ್ದವು. ನಾನು ಎಂಜಿನ್ನಿನ ಪಕ್ಕದಿಂದ ಕದಲಲಿಲ್ಲ. ಭಾವ ಒಳಗೆ ಬಂದರು. ಎಂಜಿನ್ನಿನ ಮೈಮೇಲೆ ಅಂಗೈ ಇಟ್ಟು ಚಟ್ಟನೆ ತೆಗೆದರು. ಹೊರಗೆ ಹೋಗಿ ಗುಜರಿಯವನಿಗೆ ಹೇಳಿದ್ದು ನನಗೆ ಕೇಳಿಸಿತು.

‘ಭಾಳ ಬಿಸಿ ಐತೋ ಮಾರಾಯಾ. ಮುಟ್ಟಾಕ ಬರಾಂಗಿಲ್ಲ.’

‘ಆರಲಿ ಬಿಡ್ರಿ, ಕುಂದುರ್ತೀನಿ.’

‘ಅದು ಆರೂ ಹಂಗ ಕಾಣವಲ್ದು.’

ಅಷ್ಟು ಹೇಳಿ ಭಾವ ಬಂದ ತಪ್ಪಿಗೆಂಬಂತೆ ಒಂದು ಚೀಲದ ಬಾಯಿ ಬಿಚ್ಚಿ ಜೋಳ ಎಂಥದ್ದೆಂದು ನೋಡುತ್ತ ನಿಂತರು. ನನ್ನ ಕಡೆ ತಿರುಗಲಿಲ್ಲ. ನಾನೂ ತಿರುಗಲಿ ಎಂದು ಕಾಯಲಿಲ್ಲ, ಗಿರಣಿಯ ಬಾಯಿಗೆ ಮುಂದಿನ ಬುಟ್ಟಿ ಸುರಿದೆ.

ಗುಜರಿಯವನನ್ನು ಹಸಿದ ಹೊಟ್ಟೆಯಲ್ಲಿ ಕಳಿಸಲಿಲ್ಲ. ಉಂಡು ಎದ್ದಾಗ, ಬರಿ ಲಾರಿ ಹೊಡೆದುಕೊಂಡು ವಾಪಸು ಹೋಗಬೇಕಲ್ಲ, ಡೀಸೆಲ್ಲೂ ತಳ ಕಂಡಿದೆ ಎಂದ. ನನ್ನ ಡ್ರಮ್ಮೂ ತಳ ಕಂಡಿತ್ತು. ಸಿದ್ರಾಯನನ್ನು ಗಿರಣಿಗೆ ನಿಲ್ಲಿಸಿ, ಕ್ಯಾನ್ ಹಿಡಿದು ಅವನ ಲಾರಿಯಲ್ಲೇ ಪಂಪಿಗೆ ಹೋದೆ. ಎಡಗಡೆ ಉಂಡು ತೃಪ್ತನಾದ ಯಮನೂರಪ್ಪ ಗಿಡಕ್ಕೆ ಒರಗಿದ್ದ, ಪೆಟ್ರೋಲ್ ಕೆಳಗಿಳಿದು ತಂಪಾಗಿ ಕೂತಿತ್ತು. ಬಲಗಡೆ ಲಾರಿ ನಿಲ್ಲುತ್ತಲೇ ಅಂಕಿಗಳು ಏರಿದವು. ನಾನು ಕೆಳಗಿಳಿದೆ, ಇನ್ನಷ್ಟು ಏರಿದವು. ನಾನು ಕ್ಯಾನನ್ನು ಸೆರಗಿನಲ್ಲಿ ಮುಚ್ಚಲಿಲ್ಲ, ಪದವನ್ನೂ ಹಾಡಲಿಲ್ಲ. ಹೊರಗಿನವನಿಗೆ ನಮ್ಮೂರಿನ ರೀತಿ ಗೊತ್ತಿರಲಿಲ್ಲ. ಅವನು ಬೋರ್ಡಿನ ಎರಡೂ ಕಡೆಯನ್ನು ಬಾಯಿ ತೆರೆದು ನೋಡಿದ.

‘ಅಲ್ಲವ್ವಾ, ಪೆಟ್ರೋಲ್ ಇಷ್ಟು ಸೋವಿ ಐತಿ, ಡೀಸೆಲ್ ಯಾಕ ಇಷ್ಟು ತುಟ್ಟಿ?’

ನಮ್ಮೂರಲ್ಲಿ ಕೇಳಬಾರದ್ದನ್ನು ನಾನು ಆಗ ಕೇಳಿದೆ.

‘ಎಲ್ಲಿಗೆ ಹೊಂಟೀಯಪ್ಪಾ?’

‘ಮನೀಗೆ. ಸಣ್ಣ ಮಗಳಿಗೆ ಆರಾಮಿಲ್ಲ, ಹೊತ್ತು ಮುಣಗೂದ್ರಾಗ ಮುಟ್ಟಬೇಕು.’

ತಗಡು ಮತ್ತೊಮ್ಮೆ ಮಗುಚಿತು. ಗೂಳಪ್ಪ ಪೈಪು ಹಿಡಿದು ಕಾಯುತ್ತಿದ್ದ.

‘ಅದಕ್ಕ ತುಟ್ಟಿ’ ಎಂದೆ. ‘ಮೊದಲು ನಿನ್ನ ಲಾರಿಗೆ ಹಾಕಿಸ್ಕೊ, ನಂದು ಆಮ್ಯಾಲೆ.’